ನೀಲಿ ಏರೋಪ್ಲೇನ್ ಚಿಟ್ಟೆಗೆ ಒಬ್ಬ ಸಾಕ್ಷಿ

ಮಾರುದ್ದದ ಟೆಲಿ ಲೆನ್ಸ್ ಹಿಡಿದು ಹೊರಟ ಹೆಂಗಸಿಗೆ ಚಿಟ್ಟೆ ಸಿಗಲಿ ಬಿಡಲಿ, ನಗುವಂಥದ್ದು ಏನಾದರೂ ದಾರಿಯಲ್ಲಿ ಸಿಕ್ಕೇ ಸಿಗುತ್ತದೆ. ನಾನು ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಮಕ್ಕಳ ಮದುವೆ ಮುಗಿದ ಮೇಲೆ ನಮ್ಮ ಸೀಮೆಯ ಏರೋಪ್ಲೇನ್ ಚಿಟ್ಟೆಗಳ ದಾಖಲೆ ಶುರು ಮಾಡಿದೆ. ದಿನಾಂಕ, ಜಾಗ, ಬಣ್ಣ, ಎಲ್ಲಕ್ಕೂ ಅಂಕಣ. ಒಂದು ಕಡೆ ‘ನೀಲಿ’ ಎಂದು ಬರೆದದ್ದನ್ನು ಮೈದುನ ಒಪ್ಪಲಿಲ್ಲ.

“ಅತ್ತಿಗಿ, ಗಣಿ ಧೂಳಿನಾಗ ಕೆಂಪು ಬಿಟ್ರ ಬ್ಯಾರೆ ಬಣ್ಣ ಎಲ್ಲೈತ್ರಿ? ಫೋಟೋ ತೋರ್ಸ್ರಿ, ಇಲ್ಲಾಂದ್ರ ಆ ಸಾಲು ಹೊಡದಾಕ್ರಿ.”

ನನ್ನ ನೋಟ್‌ಬುಕ್ಕಿನಲ್ಲಿ ಸಾಲು ಹೊಡೆಯುವುದೇ!

ಹಂಪಿಯ ಕಲ್ಲು

ಬಜಾರಿನ ಮಂಟಪದ ಹತ್ತಿರ ಒಂದು ಬೋಳು ಕಲ್ಲಿನ ಮೇಲೆ ಚಿಟ್ಟೆ ಕೂತಿತ್ತು. ಲೆನ್ಸ್ ಇಟ್ಟು ಹತ್ತು ನಿಮಿಷ ಆಗಿರಲಿಲ್ಲ, ನನ್ನ ಹಿಂದೆ ಎಂಟು ಪ್ರವಾಸಿಗಳು ಅದೇ ಕಲ್ಲಿಗೆ ಕ್ಯಾಮೆರಾ ಹಿಡಿದಿದ್ದರು. ಗೈಡ್ ಓಡಿಬಂದು, ರಾಣಿಯರು ಕೂತ ಕಲ್ಲು ಎಂದು ವಿವರಿಸತೊಡಗಿದ. ಅಷ್ಟರಲ್ಲಿ ಚಿಟ್ಟೆ ಹಾರಿತು.

“ಏನಪ್ಪಾ, ನಾ ನೋಡಿದ್ದು ಹುಳಾನ” ಅಂದೆ.

“ಸುಮ್ನಿರ್ರಿ ಅಮ್ಮಾ,” ಪಿಸುಗುಟ್ಟಿದ, “ಇವತ್ತೊಂದಿನ ಕಲ್ಲು ನಡೀಲಿ.”

ಬಂಡ್ರಿಯ ಕೆಂಪು

ಬಂಡ್ರಿಯ ಹೊಂಡದಲ್ಲಿ ಅಚ್ಚ ಕೆಂಪು ಚಿಟ್ಟೆ ಸಿಕ್ಕಿತು. ನಲವತ್ತು ಫೋಟೋ ತೆಗೆದೆ. ಆಮೇಲೆ ಅದು ನೀರಿನಲ್ಲಿ ಮುಳುಗು ಹಾಕಿ ಎದ್ದಿತು. ನೋಡಿದರೆ ನೀಲಿ! ಅದಿರಿನ ಧೂಳು ತೊಳೆದುಕೊಂಡಿತ್ತು. ನಾನು ಬಟನ್ ಒತ್ತುವಷ್ಟರಲ್ಲಿ ಮಾಯ.

ಮೈದುನ ನಲವತ್ತನ್ನೂ ನೋಡಿ, “ಮಸ್ತ್ ಕೆಂಪ್ರೀ ಅತ್ತಿಗಿ” ಅಂದ.

ಗಾದಿಗನೂರಿನ ರಸ್ತೆ

ಗಾದಿಗನೂರಿನ ಹೊಂಡ ರಸ್ತೆಗೆ ಅಂಟಿಕೊಂಡೇ ಇದೆ. ಅದಿರಿನ ಲಾರಿಗಳು ಹೊದಿಕೆಯಿಲ್ಲದೆ, ಒಂದರ ಬೆನ್ನಿಗೆ ಒಂದು. ಪ್ರತಿ ಲಾರಿಗೂ ಜೊಂಡು ನಡುಗಿ ಚಿಟ್ಟೆ ಏಳುತ್ತಿತ್ತು. ಅಷ್ಟರಲ್ಲಿ ಒಬ್ಬ ಡ್ರೈವರ್ ನನ್ನ ಲೆನ್ಸ್ ನೋಡಿ ಗಕ್ಕನೆ ಬ್ರೇಕ್ ಹಾಕಿದ. ಹಿಂದಿನವರೂ ನಿಂತರು. ಎಲ್ಲರೂ ಲೋಡಿನ ಮೇಲೆ ಹತ್ತಿ ಟಾರ್ಪಾಲ್ ಬಿಗಿಯತೊಡಗಿದರು. ಒಬ್ಬ ಕೈಮುಗಿದು ಬಂದ.

“ಅಮ್ಮಾ, ದಂಡ ಬರ್ಕೋಬ್ಯಾಡ್ರಿ, ಕಟ್ಟಾಕತ್ತೀವಿ.”

“ನಾ ಚಿಟ್ಟಿ ಫೋಟೋ ತಗೀತಿದ್ದೀನಪ್ಪಾ.”

“ಹೂಂನ್ರಿ, ಆಫೀಸಿನೋರೆಲ್ಲಾ ಹಿಂಗ ಅಂತಾರ್ರಿ.”

ಅರ್ಧ ಗಂಟೆ ರಸ್ತೆ ಸುಮ್ಮನಾಯಿತು, ಧೂಳು ಇಳಿಯಿತು. ನೀಲಿ ಚಿಟ್ಟೆ ಬಂದು ಜೊಂಡಿನ ತುದಿಯಲ್ಲಿ ಕೂತಿತು. ಕ್ಲಿಕ್! ಜಾಗದ ದಾಖಲೆಗೆಂದು ಸಣ್ಣ ಲೆನ್ಸ್ ಹಾಕಿ ರಸ್ತೆಯದೂ ಒಂದು ತೆಗೆದೆ. ಹೊಂಡದಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬಳು ಕೂಗಿದಳು: “ಅಮ್ಮಾ, ದಿನಾ ಬಂದು ಆ ಕೊಳವಿ ಹಿಡ್ಕೊಂಡು ಕುಂದರ್ರಿ, ನಮ್ಮ ಅರಿವಿನೂ ಬೆಳ್ಳಗಾಗ್ತಾವ!”

ಮೈದುನ ಚಿಟ್ಟೆಯ ಫೋಟೋ ಭಾಳ ಹೊತ್ತು ನೋಡಿದ. ರಸ್ತೆಯ ಫೋಟೋ ನೋಡಿ ಅರಳಿದ.

“ಸಿಕ್ಕಿಬಿದ್ರಿ! ಇದು ಗಾದಿಗನೂರಲ್ಲ. ನಮ್ಮ ಕಡೆ ಯಾವ ಲಾರಿಗೆ ಟಾರ್ಪಾಲ್ ಕಟ್ತಾರ್ರಿ?”

ಆಗ ಊರಲ್ಲಿ ಕೈಯಲ್ಲಿ ಕಾಸಿದ್ದವರೆಲ್ಲ ಅದಿರಿಗೆ ಲಾರಿ ಬಿಟ್ಟಿದ್ದರು, ಮೈದುನನದೂ ಒಂದಿತ್ತು.

“ಎಲ್ಲಕ್ಕಿಂತ ಮುಂದಿರೋ ಲಾರಿ ನಂಬರ್ ಓದಪ್ಪಾ” ಅಂದೆ.

ಕನ್ನಡಕ ಏರಿಸಿ ಓದತೊಡಗಿದವನು ಅರ್ಧಕ್ಕೇ ನಿಂತ. “ನನ್ನ ಲಾರಿನ! ಆದ್ರ ನಾ ಟಾರ್ಪಾಲ್ ಕೊಡ್ಸೇ ಇಲ್ಲಲ್ರೀ...” ಫೋಟೋವನ್ನು ಮೂಗಿನ ಹತ್ತಿರ ತಂದ. “ಅಯ್ಯಯ್ಯ, ಇದು ನಮ್ಮನಿ ಜಮಖಾನ!”

ನೋಟ್‌ಬುಕ್ ಮುಂದಿಟ್ಟೆ. “ಜಾಗ ಯಾವ್ದಪ್ಪಾ?”

“ಗಾದಿಗನೂರ್ರಿ.”

“ಬಣ್ಣ?”

“ನೀಲಿರೀ, ನೀಲಿ!” ಎನ್ನುತ್ತ ಸಹಿ ಹಾಕಿ, ಜಮಖಾನ ಹುಡುಕಿಕೊಂಡು ಓಡಿದ.