ಹೊಟ್ಟೆಯ ಮೇಲಿನ ಗುಂಡಿ

ಬಸ್ಸಿನ ಮೆಟ್ಟಿಲು ಹತ್ತುವಾಗ ಚೆಕಿಂಗಣ್ಣನ ನೀಲಿ ಅಂಗಿಯ ಗುಂಡಿಯೊಂದು ಟಪ್ಪೆಂದು ಹಾರಿ ಚರಂಡಿ ಸೇರಿತು. ಕುತ್ತಿಗೆಯದಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೋದದ್ದು ಹೊಟ್ಟೆಯ ಮೇಲಿನದು. ಆ ಹೊಟ್ಟೆಗೋ, ಸಂದು ಸಿಕ್ಕಿದರೆ ಸಾಕು, ಇಣುಕಿ ನೋಡುವ ಚಟ.

ಬೇರೆಯವರಿಗಾದರೆ ಇದು ದೊಡ್ಡ ಸಂಗತಿಯಲ್ಲ. ಆದರೆ ಇವನ ಹೊಟ್ಟೆಪಾಡೇ ಗುಂಡಿ. ಹದಿನಾರು ವರ್ಷದಿಂದ ಗುಂಡಿ ಕಾರ್ಖಾನೆಯಲ್ಲಿ ಕುಳಿತು, ಪ್ರತಿ ಗುಂಡಿಗೂ ನಾಲ್ಕು ತೂತು ಇದೆಯೇ ಎಂದು ನೋಡುವುದು ಅವನ ಕೆಲಸ. ಅದಕ್ಕೇ ಹೆಸರು ಬಿಟ್ಟು ಎಲ್ಲರೂ ಚೆಕಿಂಗಣ್ಣ ಎನ್ನುತ್ತಿದ್ದರು. ಮನೆಗೆ ಹೋಗಿ ಬೇರೆ ಅಂಗಿ ಹಾಕಿಕೊಳ್ಳೋಣವೆಂದರೆ ಅದೂ ಆಗದು. ಸಂಜೆ ಐದಕ್ಕೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ, ಒಂದೇ ಒಂದು ಮಾತು. ಹಿಂದಿನ ಎರಡು ವರ್ಷವೂ ಅಪ್ಪ ಓವರ್‌ಟೈಮ್ ಎಂದು ತಪ್ಪಿಸಿಕೊಂಡಿದ್ದ.

"ಅಪ್ಪಾ, ಈ ನೀಲಿ ಅಂಗೀನೇ ಹಾಕ್ಕೊಂಡ್ ಬಾ. ಸ್ಟೇಜ್ ಮೇಲಿಂದ ಗುರುತು ಸಿಗ್ಬೇಕು. ಈ ಸಲಾನೂ ಬರ್ಲಿಲ್ಲ ಅಂದ್ರೆ ನಿನ್ ಜೊತೆ ಮಾತೇ ಆಡಲ್ಲ," ಎಂದು ಅವಳು ಬೆಳಿಗ್ಗೆಯೇ ತಾಕೀತು ಮಾಡಿದ್ದಳು.

ಕಾರ್ಖಾನೆಯಲ್ಲಿ ಬೇರೆಯೇ ಗ್ರಹಚಾರ ಕಾದಿತ್ತು. ಮಾಲೀಕರು ಮೂರು ದಿನದ ತರಬೇತಿಗೆ ಹೋಗಿ ಬಂದಿದ್ದರು. ಗೋಡೆಯ ಮೇಲೆ ಹತ್ತಡಿ ಉದ್ದದ ಬ್ಯಾನರು: 'ನಾವು ಯಾಕಿದ್ದೇವೆ?'

"ನಾವು ಗುಂಡಿ ಮಾಡ್ತಾ ಇಲ್ಲ!" ಎಂದು ಮಾಲೀಕರು ಗುಡುಗಿದರು. ಗುಂಡಿ ಮಾಡುತ್ತಿದ್ದವರೆಲ್ಲ ಗಾಬರಿಯಿಂದ ಯಂತ್ರ ನಿಲ್ಲಿಸಿದರು. "ಮನುಷ್ಯರ ಮಾನ ಕಾಪಾಡ್ತಾ ಇದ್ದೀವಿ! ಎರಡು ಗಂಟೆಗೆ ದೊಡ್ಡ ಗಿರಾಕಿ ಬರ್ತಾರೆ. ಅವರೆದುರಿಗೆ ಒಬ್ಬೊಬ್ಬರೂ ಎದ್ದು ನಿಂತು, ಯಾವ ಉದ್ದೇಶಕ್ಕೆ ಕೆಲಸಕ್ಕೆ ಬರ್ತೀನಿ ಅಂತ ಹೇಳ್ಬೇಕು. ಸಂಬಳಕ್ಕೆ ಅನ್ನೋ ಹಾಗಿಲ್ಲ."

"ಸಾರ್, ನಾನು ನಾಲ್ಕಕ್ಕೆ ಹೊರಡ್ಬೇಕಿತ್ತು..." ಚೆಕಿಂಗಣ್ಣ ಹೊಟ್ಟೆಗೆ ಟ್ರೇ ಅಡ್ಡ ಹಿಡಿದು ಹಲ್ಲು ಗಿಂಜಿದ.

"ಉದ್ದೇಶ ಹೇಳು, ಹೊರಡು."

ಟ್ರೇ ಕೆಳಗಿಟ್ಟದ್ದೇ ತಡ, ಪ್ಯಾಕಿಂಗ್ ಅಕ್ಕನ ಕಣ್ಣಿಗೆ ಸಂದು ಬಿತ್ತು. "ಅಯ್ಯೋ ಅಣ್ಣಾ! ಲಕ್ಷ ಗುಂಡಿ ಮಧ್ಯೆ ಕೂತು ಇದೇನು ಅವತಾರ? ಒಂದು ತಗೋ, ಹೊಲಿದು ಕೊಡ್ತೀನಿ."

"ಟ್ರೇ ತೂಕ ಹಾಕ್ತಾರಕ್ಕ. ಒಂದು ಕಮ್ಮಿಯಾದ್ರೂ ಗೇಟಲ್ಲಿ ಬಟ್ಟೆ ಬಿಚ್ಚಿಸ್ತಾರೆ."

ಅಕ್ಕ ಸುಮ್ಮನಿರುವ ಜೀವವಲ್ಲ. ಪೆಟ್ಟಿಗೆಗೆ ಅಂಟಿಸುವ ಕಂದು ಟೇಪು ತಂದು ಹೊಟ್ಟೆಗೆ ಸುತ್ತಿದಳು. ಹನ್ನೊಂದರ ಸೆಕೆಗೆ ಅದು ಕಿತ್ತು ಬಂದು ಚೆಕಿಂಗಣ್ಣನ ಮೊಣಕೈಗೆ ಅಂಟಿತು. ಮೊಣಕೈಯಿಂದ ಬಿಡಿಸಿದರೆ ಕೂದಲಿಗೆ ಅಂಟಿತು. ಆಗ ಯಂತ್ರ ನೋಡಿಕೊಳ್ಳುವ ಮಶೀನ್ ಮಾವ ಸ್ಟೇಪ್ಲರ್ ಹಿಡಿದು ಬಂದ.

"ಮಾವ, ಬೇಡ..."

"ಉಸಿರು ಒಳಗೆಳ್ಕೋ." ಟಕ್, ಟಕ್, ಟಕ್. "ಬನಿಯನ್ನೂ ಸೇರಿಸಿ ಹೊಡೆದಿದ್ದೀನಿ. ಇನ್ನು ಅಂಗಿ ಹೋಗ್ಬೇಕಾದ್ರೆ ಬನಿಯನ್ನೂ ಜೊತೇಲೇ ಹೋಗ್ಬೇಕು. ಅಷ್ಟು ಗಟ್ಟಿ!"

ಒಳಗೆಳೆದ ಉಸಿರನ್ನು ಹೊರಬಿಡಲು ಹೆದರಿಕೊಂಡೇ ಚೆಕಿಂಗಣ್ಣ ಎರಡು ಗಂಟೆಯವರೆಗೆ ಕಾಲ ತಳ್ಳಿದ. ಊಟಕ್ಕೂ ಏಳಲಿಲ್ಲ.

ಮೀಟಿಂಗಿನಲ್ಲಿ ಗಿರಾಕಿ ಮುಂದಿನ ಕುರ್ಚಿಯಲ್ಲಿ ಕುಳಿತು, ಚಹಾದ ಕಪ್ಪು ಹಿಡಿದು, ಆಕಳಿಕೆ ತಡೆಯುತ್ತಿದ್ದರು. ಅಕ್ಕ ಎದ್ದು, "ಜನರ ಬಾಳು ಜೋಡಿಸೋಕೆ" ಎಂದಳು. ಮಾವ, "ಜಗತ್ತಿನ ಬಿರುಕು ಮುಚ್ಚೋಕೆ" ಎಂದ. ಚೆಕಿಂಗಣ್ಣ ಅಂದುಕೊಂಡಿದ್ದ ಮಾತುಗಳೆರಡೂ ಖರ್ಚಾದವು. ಆದರೂ ಎದ್ದು ನಿಂತ. ತಡೆಹಿಡಿದ ಉಸಿರು ಭುಸ್ಸೆಂದು ಹೊರಬಂತು. ಮೇಲಿನ ಪಿನ್ನು ಸಿಡಿದು ಗಿರಾಕಿಯ ಚಹಾಕ್ಕೆ ಬಿತ್ತು. ಸಂದಿನಿಂದ ತೂತು ಬನಿಯನ್ನೂ ಅದರ ಹಿಂದಿನ ಹೊಟ್ಟೆಯೂ ಸಭೆಯನ್ನು ನೋಡಿದವು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನಿಜ ಹೇಳ್ತೀನಿ ಸಾರ್," ಎಂದ. "ಹದಿನಾರು ವರ್ಷ ಗುಂಡಿ ಅಂದ್ರೆ ನಾಲ್ಕು ತೂತು ಅಂದ್ಕೊಂಡಿದ್ದೆ. ಇವತ್ತು ಒಂದು ಬಿದ್ದೋಯ್ತು. ಬೆಳಿಗ್ಗೆಯಿಂದ ತಲೆ ಎತ್ತಿಲ್ಲ, ಊಟ ಮಾಡಿಲ್ಲ, ನಗೋಕೂ ಧೈರ್ಯ ಬಂದಿಲ್ಲ. ಯಾರದೋ ಅಂಗಿಯಿಂದ ಇನ್ನೊಂದು ಹೀಗೆ ಬೀಳಬಾರದು. ಅಷ್ಟೇ ನನ್ನ ಉದ್ದೇಶ."

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಗಿರಾಕಿ ಕಪ್ಪಿನಿಂದ ಪಿನ್ನು ಎತ್ತಿಟ್ಟು, "ಮೂರು ಕಾರ್ಖಾನೆ ನೋಡಿದೆ. ನಿಜ ಮಾತಾಡಿದೋನು ಇವನೊಬ್ಬನೇ. ಆರ್ಡರ್ ನಿಮಗೇ," ಎಂದರು. ಚಪ್ಪಾಳೆಯೋ ಚಪ್ಪಾಳೆ. ಚೆಕಿಂಗಣ್ಣನಿಗೆ ನಿಜಕ್ಕೂ ಎದೆಯುಬ್ಬಿತು. ತನ್ನ ಕೆಲಸ ಇಷ್ಟು ದೊಡ್ಡದೆಂದು ಅವನಿಗೇ ಗೊತ್ತಿರಲಿಲ್ಲ.

ಇನ್ನು ಒಂದು ಗುಂಡಿ ತೆಗೆದರೆ ಯಾರೂ ಕೇಳಲಾರರೆಂದು ಅಕ್ಕ ಗುಂಡಿ, ಸೂಜಿ, ದಾರ ಹಿಡಿದು ಓಡಿ ಬಂದಳು.

"ಮುಟ್ಬೇಡಿ!" ಮಾಲೀಕರು ಅಡ್ಡ ನಿಂತರು. "ಇದು ಅಂಗಿ ಅಲ್ಲ, ನಮ್ಮ ಉದ್ದೇಶ! ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಂದಿನ ಬಾಗಿಲಿಗೇ ಹಾಕ್ತೀನಿ. ಬಿಚ್ಚು!"

"ಸಾರ್, ಮಗಳು ನೀಲಿ..."

ಬಿಚ್ಚಿದರೆ ಬನಿಯನ್ನೂ ಜೊತೆಯಲ್ಲೇ ಬಂತು. ಮಾವನ ಕೆಲಸ ಅಷ್ಟು ಗಟ್ಟಿ. ಮಾಲೀಕರು ತರಬೇತಿಯಲ್ಲಿ ಕೊಟ್ಟಿದ್ದ ಹಳದಿ ಟೀ ಶರ್ಟನ್ನು ತಾವೇ ಅವನ ತಲೆಗೆ ತೂರಿಸಿದರು. ಅದಕ್ಕೆ ಒಂದೂ ಗುಂಡಿ ಇರಲಿಲ್ಲ.

"ನಾಲ್ಕು ಗಂಟೆ ಯಾಕೆ, ಈಗಲೇ ಹೊರಡು!"

ನಾಟಕಕ್ಕೆ ಅವನೇ ಮೊದಲು ಹೋಗಿ ಮೂರನೇ ಸಾಲಿನಲ್ಲಿ ಕುಳಿತ. ತಡವಾಗಿ ಬಂದ ಹೆಂಡತಿಗೆ ಹಿಂದೆ ಜಾಗ ಸಿಕ್ಕಿತು. ಮರ ಬಂತು. ಕೊಂಬೆಗಳ ನಡುವಿನಿಂದ ಎರಡು ಕಣ್ಣು ಸಾಲುಸಾಲಾಗಿ ನೀಲಿ ಹುಡುಕಿದವು. ಚೆಕಿಂಗಣ್ಣ ಎದ್ದು ನಿಂತು ಎರಡೂ ಕೈ ಬೀಸಿದ. ಟೀಚರು ಬಂದು ಭುಜ ಅದುಮಿ ಕೂರಿಸಿದರು. "ನೆರಳು ಬೇಕಾದೋರು ಬನ್ನಿ," ಎಂದು ಮರ ಬಿಕ್ಕಿತು. ಎಂಥ ಅಭಿನಯ ಎಂದು ಸಭೆ ಚಪ್ಪಾಳೆ ತಟ್ಟಿತು.

"ನೀನು ಬರ್ಲೇ ಇಲ್ಲ," ಎಂದಳು ಮಗಳು ಹೊರಗೆ ಬಂದು.

"ಬಂದಿದ್ದೆ ಪುಟ್ಟಿ! ಮೂರನೇ ಸಾಲು, ಕೈ ಬೀಸ್ತಿದ್ನಲ್ಲ..."

"ಆ ಹಳದಿ ಹುಚ್ಚ ನೀನಾ?"

"ಅಂಗಿ ಎಲ್ರೀ?" ಎಂದಳು ಹೆಂಡತಿ.

"ಗಾಜಿನ ಪೆಟ್ಟಿಗೇಲಿ."

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಗಳೇ ಕರಗಿದಳು. "ನಾಳೆ ಇನ್ನೊಂದ್ಸಲ ನಾಟಕ ಇದೆ. ಬಿಳಿ ಅಂಗಿ ಹಾಕ್ಕೊಂಡ್ ಬಾ. ಗ್ಯಾರಂಟಿ ಹುಡುಕ್ತೀನಿ."

ಚೆಕಿಂಗಣ್ಣನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಫೋನು ರಿಂಗಾಯಿತು.

"ಪೆಟ್ಟಿಗೆ ನೋಡಿ ಜನ ಕಣ್ಣೀರು ಹಾಕ್ತಿದ್ದಾರಯ್ಯ!" ಮಾಲೀಕರ ದನಿ ನಡುಗುತ್ತಿತ್ತು. "ಹಿಂದಿನ ಗೇಟಿಗೂ ಒಂದು ಬೇಕು. ನಾಳೆ ನಿನ್ನ ಇನ್ನೊಂದು ಒಳ್ಳೆ ಅಂಗಿ ಹಾಕ್ಕೊಂಡ್ ಬಾ. ಗುಂಡಿ ನಾನೇ ಕೀಳ್ತೀನಿ."