ಕುಂಬಳಕಾಯಿ ಮ್ಯಾಲಿನ ವಿಮಾನದ ದಾರಿ

ಭೂಗೋಳ ಕಲಸೋರ ಹಣೇಬರಹಾನ ಇಷ್ಟು ನೋಡ್ರಿ. ಬಸ್ಸು ಬಿಟ್ಟು ಬ್ಯಾರೆ ಏನೂ ಹತ್ತದ ನಾನು, ಆಳಂದ ಕಡೆ ಒಂದು ಹಳ್ಳಿ ಶಾಲ್ಯಾಗ ನಿಂತು ಟೋಕಿಯೊದಿಂದ ನ್ಯೂಯಾರ್ಕಿಗೆ ವಿಮಾನ ಹಾರಸ್ತೇನಿ. ಅದು ಒಂದು ಸಲಾನೂ ನೆಟ್ಟಗ ಇಳಿಯಾಂಗಿಲ್ಲ.

೧. ಹಿಂದಿನ ಓಣಿ

ಎರಡು ವಿಮಾನ ನಿಲ್ದಾಣದ ನಡುವಿನ ದೂರ ಅಳೆಯೋದು ಪಾಠ. ಶಾಲ್ಯಾಗ ಗ್ಲೋಬ್ ಇತ್ತು, ಇಲ್ಲ ಅಂತಿಲ್ಲ. ಹುಡುಗ್ರು ಚೆಂಡು ಮಾಡಿ ಒದ್ದು ಒದ್ದು ಪೆಸಿಫಿಕ್ ಸಾಗರ ಇದ್ದಲ್ಲಿ ಬರೇ ತೂತು ಉಳದಿತ್ತು. "ಹೊಸಾದು ಕೊಡಸ್ರಿ" ಅಂತ ಮೂರು ವರ್ಷದಿಂದ ಹೆಡ್‌ಮಾಸ್ಟರ್ ಬೆನ್ನು ಹತ್ತಿದ್ದೆ. ಅವರದು ಒಂದ ಮಾತು: "ಗ್ವಾಡಿ ಮ್ಯಾಲ ನಕಾಶಿ ಅದ ಅಲ್ರಿ ಟೀಚರ್, ಸ್ಕೇಲ್ ಹಚ್ರಿ."

ಹಚ್ಚಿದೆ. ನಕಾಶ್ಯಾಗ ಟೋಕಿಯೊ ಬಲಗಡೆ ತುದಿಗೆ, ನ್ಯೂಯಾರ್ಕ್ ಎಡಗಡೆ. ಚೀನಾ, ಯುರೋಪ್ ಎಲ್ಲಾ ದಾಟಿಸೋದ್ರಾಗ ನನಗ ದಮ್ಮು ಹತ್ತಿತು. ಮುಂದಿನ ಸಾಲಿನ ಹುಡುಗಿ ಕೈ ಎತ್ತಿದ್ಲು: "ಭೂಮಿ ದುಂಡಗದ ಅಂತ ನೀವ ಹೇಳೀರಲ್ರಿ. ಹಿಂದಿನ ಓಣಿ ಹಿಡದು ಹೋದ್ರ ಲಗೂ ಮುಟ್ಟಾಂಗಿಲ್ಲೇನ್ರಿ?"

ಓಡಿ ಹೋಗಿ ಹೆಡ್‌ಮಾಸ್ಟರ್‌ಗೆ ಹೇಳಿದೆ. "ಹುಡುಗ್ರು ಇಷ್ಟು ಶಾಣ್ಯಾ ಅದಾರಂದ್ರ ಗ್ಲೋಬ್ ಯಾಕ್ರಿ ಮತ್ತ?" ಅಂದ್ರು.

೨. ಉಳ್ಳಾಗಡ್ಡಿ

ಜೇವರ್ಗ್ಯಾಗ ತರಬೇತಿ ಇತ್ತು. ವಿಷಯ: ಖರ್ಚಿಲ್ಲದ ಕಲಿಕೋಪಕರಣ. ಇಲ್ಲ್ಯಾದ್ರೂ ಕೇಳೋಣ ಅಂತ ಎದ್ದು ನಿಂತು ನನ್ನ ಗ್ಲೋಬಿನ ಸಂಕಟ ತೋಡಿಕೊಂಡೆ. ತರಬೇತಿ ಕೊಡೋ ಸರ್ ನಕ್ಕು, "ನಿಮ್ಮ ಅಡಗಿ ಮನ್ಯಾಗ ದುಂಡಗಿದ್ದದ್ದು ಏನೂ ಇಲ್ಲೇನ್ರಿ ತಾಯಿ?" ಅಂದ್ರು. ನನಗ ಮೈಯೆಲ್ಲಾ ಉರೀತು.

ಬಾಜೂಕ ಅಫಜಲಪುರ ಕಡೀ ಮಾಸ್ತರ್ ಒಬ್ರು ಕೂತಿದ್ರು. ಸಾವಕಾಶ ಎದ್ದು, "ಉಳ್ಳಾಗಡ್ಡಿ ಮ್ಯಾಲ ಅಳದು ನೋಡೇನ್ರಿ ಸರ್. ದುಬೈ ಮುಟ್ಟೋದ್ರಾಗ ಸಿಪ್ಪಿ ಜೋಡಿ ಲಂಡನ್ನ ಉದುರಿ ಬಿತ್ರಿ" ಅಂದ್ರು.

೩. ಕುಂಬಳಕಾಯಿ

ಆದ್ರೂ ತಲ್ಯಾಗ ಹುಳ ಹೊಕ್ಕಿತ್ತು. ಮುಂದಿನ ಸಾಲಿನ ಅದೇ ಹುಡುಗಿ ಹೊಲದಿಂದ ದೊಡ್ಡ ಕುಂಬಳಕಾಯಿ ತಂದ್ಲು. ಭೂಮೀನೂ ಮ್ಯಾಲ ಕೆಳಗ ಚಪ್ಪಟಿ, ಇದೂ ಚಪ್ಪಟಿ. ದೇವರು ನಮ್ಮ ಕಡೆ ಅದಾನ ಅಂದೆ. ಚಾಕ್‌ಪೀಸ್‌ಲೆ ದೇಶ ಬರದ್ವಿ. ನಡಕ್ಕ ಸುತ್ತಿದ ದಾರ ನಲವತ್ತು ಸಾವಿರ ಕಿಲೋಮೀಟರ್ ಅಂತ ಹಿಡದ್ವಿ. ಆಮ್ಯಾಲ ಹಿಂದಿನ ಓಣಿ ಹಿಡದು, ಉತ್ತರದ ಮಂಜಿನ ಕಡೆಯಿಂದ ದಾರ ಎಳದ್ರ ಹನ್ನೊಂದು ಸಾವಿರದ ಹತ್ರ ಬಂತು. ಮೊಬೈಲ್‌ನ್ಯಾಗ ನೋಡಿದ್ರ ಅದೂ ಅಷ್ಟ ಅಂತು! ಹುಡುಗ್ರ ಜೋಡಿ ನಾನೂ ಕುಣದೆ.

ಮರುದಿನ ಆಳಂದದಿಂದ ಸಾಹೇಬ್ರು ತಪಾಸಣಿಗೆ ಬಂದ್ರು. ಇವತ್ತ ಕೇಳದಿದ್ರ ಗ್ಲೋಬ್ ಈ ಜನ್ಮದಾಗ ಬರಾಂಗಿಲ್ಲ ಅಂತ ಬಾಯಿ ತೆರೆಯೋದ್ರಾಗ ಹೆಡ್‌ಮಾಸ್ಟರ್ ಎದಿ ಉಬ್ಬಿಸಿ, "ನಮಗ ಗ್ಲೋಬ್ ಬ್ಯಾಡ್ರಿ ಸಾಹೇಬ್ರ. ಟೀಚರ್ ಕುಂಬಳಕಾಯಿ ಮ್ಯಾಲ ಜಗತ್ತನ್ನ ತಂದಾರ, ಟೋಕಿಯೊ-ನ್ಯೂಯಾರ್ಕ್ ದೂರಾನೂ ಅಳದಾರ!" ಅಂದು ಬಿಟ್ರು.

"ತರ್ರಿ ನೋಡೋಣ" ಅಂದ್ರು ಸಾಹೇಬ್ರು.

ಮೇಜಿನ ಮ್ಯಾಲ ಬರೇ ದಾರ ಇತ್ತು. ಬಿಸಿಯೂಟದ ಖೋಲಿಗೆ ಓಡಿದೆ. ಸಾಹೇಬ್ರೂ, ಹುಡುಗ್ರೂ ಬೆನ್ನ ಹಿಂದ ಬಂದ್ರು. ಅಡಗಿ ಅಕ್ಕ ಸೌಟು ಹಿಡದು, "ಕೊಳತು ಹೋಗ್ತದ ಅಂತ ತೊಳದು ಹೆಚ್ಚಿ ಹಾಕ್ದೆ ಟೀಚರ್. ಯಾಕ್ರಿ?" ಅಂದ್ಲು.

ಸಾಹೇಬ್ರು ನಗು ತಡಕೊಂಡು, ಕುಂಬಳಕಾಯಿ ತಂದ ಹುಡುಗಿಗೆ, "ಟೋಕಿಯೊದಿಂದ ನ್ಯೂಯಾರ್ಕ್ ಎಷ್ಟು ದೂರ ಅದವ್ವಾ?" ಅಂತ ಕೇಳಿದ್ರು. ಅಕಿ ಬೋಗಾಣಿಯೊಳಗ ಹಣಿಕಿ ನೋಡಿ, "ನಿನ್ನಿ ಹನ್ನೊಂದು ಸಾವಿರ ಇತ್ರಿ. ಈಗ ಎರಡೂ ಒಂದ ಬೋಗಾಣ್ಯಾಗ ಕುದಿಯಾಕತ್ತಾವ್ರಿ" ಅಂದ್ಲು.

ಸಾಹೇಬ್ರು ಎರಡು ಸಲ ಸಾಂಬಾರ ಹಾಕಿಸ್ಕೊಂಡು ಉಂಡು ಹೋದ್ರು. ಹೋದ ಮ್ಯಾಲ ಭೇಟಿ ಪುಸ್ತಕ ತೆರದು ನೋಡ್ತೇನಿ, ಚಂದಾಗಿ ಬರದಾರ: "ಈ ಶಾಲೆಗೆ, ಬೇಯಿಸಲು ಬಾರದಂಥ ಗ್ಲೋಬ್ ಒಂದನ್ನು ತುರ್ತಾಗಿ ಒದಗಿಸುವುದು."