ಕಣದಲ್ಲಿ ಕೂಗುವ ಕೆಲಸ

ದೇವರು ಒಬ್ಬೊಬ್ಬರಿಗೆ ಒಂದೊಂದು ಬಂಡವಾಳ ಕೊಟ್ಟಿರುತ್ತಾನೆ. ನನಗೆ ಕೊಟ್ಟದ್ದು ಇತರರ ದನಿ. ಮದ್ದೂರು ಸ್ಟೇಷನ್ನಿನಲ್ಲಿ ಗಾರ್ಡಿನಂತೆ ಕೂಗಿ, ಕಾಫಿ ಕುಡಿಯುತ್ತಿದ್ದವರನ್ನು ಇಲ್ಲದ ರೈಲಿಗೆ ಓಡಿಸಿದ್ದೇನೆ. ಮೇಷ್ಟರಾದ ನಮ್ಮ ತಂದೆಯಂತೆ ಬಾಗಿಲಾಚೆ ಕೆಮ್ಮಿ, ಇಡೀ ತರಗತಿಯನ್ನು ಎದ್ದು ನಿಲ್ಲಿಸಿದ್ದೇನೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ. ಇಂಥವನಿಗೆ ಜನರ ತಲೆ ಕಾಯುವ ಕೆಲಸ ವಹಿಸಿದ್ದು ರಹೀಮನ ತಪ್ಪು.

ರಹೀಮ ನನ್ನ ಗೆಳೆಯ, ಸೋಮನಹಳ್ಳಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಯುದ್ಧ ಶುರುವಾಗಿ ತಲೆಯ ಮೇಲೆ ವಿಮಾನಗಳು ಹಾರತೊಡಗಿದ ಮೇಲೆ ಪಂಕ್ಚರ್ ಹಾಕುವುದರಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಬಿದಿರಿನ ಸೀಳು, ಗಾಳಿಪಟದ ಕಾಗದ, ಮೈದಾ ಅಂಟು ಸೇರಿಸಿ ಮೂರು ತಿಂಗಳು ಕೂತು ಎರಡು ಮೊಳ ರೆಕ್ಕೆಯ ವಿಮಾನ ಕಟ್ಟಿದ. ಹಳೆಯ ಟ್ಯೂಬನ್ನು ದಾರದಂತೆ ಕತ್ತರಿಸಿ ಅದರ ಹೊಟ್ಟೆಯೊಳಗೆ ಬಿಗಿದ. ಮೂತಿಯ ಪಂಖವನ್ನು ಬೆರಳಿನಿಂದ ತಿರುಗಿಸುತ್ತ ಹೋದರೆ ರಬ್ಬರು ಹುರಿಗೊಳ್ಳುತ್ತದೆ. ಬಿಟ್ಟರೆ ಬಿಚ್ಚಿಕೊಳ್ಳುತ್ತ ವಿಮಾನವನ್ನು ಎಳೆದೊಯ್ಯುತ್ತದೆ. ಎಲ್ಲಿಗೆ ಎಂಬುದು ರಬ್ಬರಿಗೂ ಗೊತ್ತಿಲ್ಲ, ರಹೀಮನಿಗೂ ಗೊತ್ತಿಲ್ಲ.

ಗದ್ದೆಗೆ ಬಿದ್ದರೆ ಕಾಗದ ನೆನೆಯುತ್ತದೆ. ಕಬ್ಬಿಗೆ ಬಿದ್ದರೆ ನರಿಯ ಪಾಲು. ಹಾರಿಸಲು ಉಳಿದದ್ದು ನಿಂಗೇಗೌಡರ ರಾಗಿ ಕಣ ಒಂದೇ. ಸಗಣಿಯಿಂದ ಸಾರಿಸಿದ, ಚಪ್ಪಲಿ ಮೆಟ್ಟಿ ಕಾಲಿಡಬಾರದ, ಹಪ್ಪಳದಷ್ಟು ಸಪಾಟಾದ ನೆಲ. ಬೆಳಿಗ್ಗೆ ಗೌಡರ ಎತ್ತುಗಳದ್ದು, ಮಧ್ಯಾಹ್ನ ರಾಗಿ ತೂರುವ ಹೆಂಗಸರದ್ದು, ಇಳಿಹೊತ್ತು ನಮ್ಮದು ಎಂದು ಒಪ್ಪಂದವಾಯಿತು. ಮೊದಲ ದಿನವೇ ವಿಮಾನ ಹೋಗಿ ಕಟ್ಟಿದ್ದ ಎತ್ತಿನ ಬೆನ್ನಿಗೆ ಬಡಿಯಿತು. ಎತ್ತು ಗೂಟ ಸಮೇತ ಊರು ಸೇರಿತು.

ಗೌಡರು ಹೆಚ್ಚು ಮಾತಾಡುವವರಲ್ಲ. "ಇನ್ನೊಂದ್ ದಪ ಯಾರ್ಗಾರಾ ತಗುಲ್ಲಿ, ನಿಮ್ ಇಮಾನನ ಒಲೆಗಿಕ್ಬುಡ್ತೀನಿ. ಆಮ್ಯಾಕೆ ಈ ಕಣನೂ ಮರ್ತ್ಬುಡಿ" ಎಂದರು.

ರಹೀಮ ಆ ರಾತ್ರಿ ಊಟ ಮಾಡಲಿಲ್ಲವಂತೆ. ಮರುದಿನ ಒಂದು ಕಾನೂನು ತಂದ: ವಿಮಾನ ಬಿಡುವ ಮುಂಚೆ ಒಬ್ಬ "ತಲೆ!" ಎಂದು ಕೂಗಬೇಕು, ಕಣದಲ್ಲಿದ್ದವರೆಲ್ಲ ತಲೆಯ ಮೇಲೆ ಕೈಹೊತ್ತು ಕುಕ್ಕರುಗಾಲಲ್ಲಿ ಕೂರಬೇಕು. "ಲೇ ಸೀನ, ಈ ಊರ್ನಾಗೆ ಅಷ್ಟ್ ದೊಡ್ ಬಾಯಿ ನಿಂದೊಂದೇ ಕಣ್ಲಾ" ಎಂದು ಕೂಗುವ ಕೆಲಸ ನನಗೆ ಕೊಟ್ಟ.

ದಿನಾ ಒಂದೇ ದನಿಯಲ್ಲಿ ಕೂಗಲು ನನಗೇ ಬೇಸರ. ಒಂದು ದಿನ ನಿಂಗೇಗೌಡರ ದನಿಯಲ್ಲೇ ಕೂಗಿದೆ. ಅವರ ಹೆಂಡತಿ ಕೆಂಚಮ್ಮ ಮೊರ ಎಸೆದು ಕುಳಿತರು. ಗಂಡ ಊರಲ್ಲೇ ಇಲ್ಲವೆಂಬುದು ಆಮೇಲೆ ಅವರಿಗೆ ನೆನಪಾಯಿತು.

"ನನ್ ಗಂಡ ಕೂಗ್ದ ಅಂತ ಕುಕ್ಕರುಸಿದ್ನಲ್ಲೋ! ನಿನ್ ಬಾಯ್ಗೆ ಮಣ್ಣಾಕ!"

ಆಮೇಲೆ ನಾನು ಯಾರ ದನಿಯಲ್ಲಿ ಕೂಗಿದರೂ ಕೆಂಚಮ್ಮ ಕೂರಲಿಲ್ಲ.

ಹೀಗಿರುವಾಗ ರಾಶಿ ಪೂಜೆಯ ದಿನ ಬಂತು. ರಾಶಿಯ ನೆತ್ತಿಗೆ ಸಗಣಿಯ ಬೆನಕನನ್ನಿಟ್ಟ ಮೇಲೆ, ಮೊದಲ ಕೊಳಗ ಅಳೆಯುವವರೆಗೂ ಕಣದಲ್ಲಿ ಯಾರೂ ತುಟಿ ಬಿಚ್ಚಬಾರದು. ಬಿಚ್ಚಿದರೆ ರಾಶಿಯ ಹುಲುಸು ಹೋಗುತ್ತದೆ. ಪೂಜೆ ಮುಗಿದ ಕೂಡಲೇ ಹಾರಿಸೋಣವೆಂದು ರಹೀಮ ಅಂಚಿನಲ್ಲಿ ನಿಂತು ಮೊದಲೇ ರಬ್ಬರು ಹುರಿಮಾಡಿದ್ದ. ಗೌಡರ ಪೂಜೆ ಮುಗಿಯಲೊಲ್ಲದು. ಬಿಸಿಲಿಗೆ ಬೆರಳು ಬೆವೆತು ಪಂಖ ಜಾರಿತು. ವಿಮಾನ ಹೊರಟಿತು, ನೆಟ್ಟಗೆ ಗೌಡರ ರುಮಾಲಿನ ಕಡೆಗೆ.

ಕೂಗಿದರೆ ಹುಲುಸು ಹೋಗುತ್ತದೆ, ಕೂಗದಿದ್ದರೆ ವಿಮಾನ ಒಲೆಗೆ ಹೋಗುತ್ತದೆ. ಹುಟ್ಟಿದಾರಭ್ಯ ಮುಚ್ಚದ ನನ್ನ ಬಾಯಿ ಅಂದು ಮುಚ್ಚಿಕೊಂಡಿತು. ಬೇರೆ ದಾರಿ ಕಾಣದೆ ತಲೆಯ ಮೇಲೆ ಕೈಹೊತ್ತು ದಬಕ್ಕನೆ ಕುಳಿತೆ. ಎದುರಿದ್ದ ಕೆಂಚಮ್ಮ ನನ್ನ ಮುಖ ನೋಡಿದರು. ನಾನು ಮಾತಿಲ್ಲದೆ ಕುಳಿತದ್ದನ್ನು ಅವರು ಕಂಡದ್ದು ಅದೇ ಮೊದಲು. ತಾವೂ ಕುಳಿತು ಗಂಡನ ಪಂಚೆ ಜಗ್ಗಿದರು. ಗೌಡರು ಕುಸಿದರು. ಹಿಂದಿದ್ದವರು ಇದೂ ಪೂಜೆಯ ಕ್ರಮವಿರಬೇಕೆಂದು ಸಾಲಾಗಿ ಅಡ್ಡಬಿದ್ದರು. ವಿಮಾನ ಎಲ್ಲರ ಬೆನ್ನ ಮೇಲೆ ಸಾಗಿ, ರಾಶಿಯಲ್ಲಿ ಬೆನಕನ ಪಕ್ಕವೇ ಮೂತಿ ನೆಟ್ಟು ನಿಂತಿತು.

ಗೌಡರು ಎದ್ದು, ರುಮಾಲು ಸರಿಮಾಡಿ, ಮೊದಲ ಕೊಳಗ ತುಂಬಿ, ಒಂದು ಎನ್ನುವ ಬದಲು "ಲಾಬ" ಎಂದು ಅಳೆದು, ಆಮೇಲೆ ನಮ್ಮತ್ತ ತಿರುಗಿದರು.

"ಒಲೆಗಿಕ್ತೀರಾ ಗೌಡ್ರೇ?" ರಹೀಮ ಕೇಳಿದ.

"ಯಾರ್ಗೂ ತಗುಲ್ಲಿಲ್ವಲ್ಲ. ಈಗ್ ಮುಟ್ಬ್ಯಾಡ, ರಾಸಿ ಮ್ಯಾಲ್ ಬಿದ್ದುದ್ದು ರಾಸಿ ಜೊತೆನೇ ಕೆಳಕ್ ಬರ್ಲಿ." ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಇವ್ನು ಬಾಯ್ ಮುಚ್ಚಿದ್ ದಿನ್ವೇ ಎಲ್ರು ತಲೆ ಉಳೀತು. ನಾಳಿಂದ ಇವ್ನು ಕೂಗಂಗಿಲ್ಲ. ಕುಕ್ಕರುಸ್ಲಿ, ಸಾಕು."

ಕಣ ಉಳಿಯಿತು, ವಿಮಾನವೂ ಉಳಿಯಿತು. ನಾನು ಮಾತ್ರ ದಿನಾ ಇಳಿಹೊತ್ತು ಮೂಕನಂತೆ ಕುಕ್ಕರಿಸುತ್ತೇನೆ. ಮೊನ್ನೆ ಮದ್ದೂರು ಸಂತೆಯಲ್ಲಿ ಕಾಲಿನ ಮುಳ್ಳು ತೆಗೆಯಲು ಹಾಗೇ ಕುಳಿತೆ. ಎದುರಿಗೆ ಬರುತ್ತಿದ್ದ ಸೋಮನಹಳ್ಳಿಯ ನಾಲ್ವರು ಹೆಂಗಸರು ಬುಟ್ಟಿಗಳನ್ನು ಇಳಿಸಿ, ತಲೆಯ ಮೇಲೆ ಕೈಹೊತ್ತು ಕುಳಿತರು. ಏನೂ ಇಲ್ಲ, ಬರೀ ಮುಳ್ಳು ಎಂದು ಹೇಳಿದೆ, ಅದೂ ನನ್ನ ಸ್ವಂತ ದನಿಯಲ್ಲೇ. ಒಬ್ಬರೂ ಏಳಲಿಲ್ಲ.